ಕಿವಿಗೆ ಹುಳ ಹೊಕ್ಕರೆ: ಇಎನ್‌ಟಿ ಡಾಕ್ಟರನ್ನು ಕೇಳಿ

ಚಿನ್ನು ಅಮ್ಮ: ಡಾಕ್ಟ್ರೇ, ನಾಲ್ಕು ವರ್ಷದ ಮಗು. ಮಲಗಿದ್ದಾಗ ಕಿವಿಗೆ ಇರುವೆ ಹೋದರೆ ಏನ್ಮಾಡ್ಬೇಕು?

ಡಾಕ್ಟರ್: ಆ ಕಿವಿ ಮೇಲೆ ಬರುವಂತೆ ಮಲಗಿಸಿ. ಕಿವಿಯನ್ನು ಹಿಂದಕ್ಕೆ, ಮೇಲಕ್ಕೆ ಎಳೆದು (ಮೂರು ವರ್ಷದೊಳಗಿನವರಿಗೆ ಕೆಳಕ್ಕೆ) ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ 8-10 ಹನಿ ಬಿಡಿ. ಐದು ನಿಮಿಷ ಕಳೆದು ಬಗ್ಗಿಸಿ. ಎಣ್ಣೆ ತಣ್ಣಗಿದ್ದರೆ ತಲೆ ಸುತ್ತುತ್ತದೆ. ಕಿವಿ ಸೋರುತ್ತಿದ್ದರೆ, ಕಿವಿಯೊಳಗಿನ ತಮಟೆ (ಪರದೆ) ತೂತಾಗಿದ್ದರೆ ಒಂದು ಹನಿಯೂ ಬೇಡ. ಸತ್ತ ಹುಳ ಹೊರಬರದಿದ್ದರೆ ಬಡ್ಸ್ ಹಾಕದೆ ಕರೆತನ್ನಿ.

ತೋಟದಮನೆ: ಸರ್, ಹೊಸನಗರದ ಕಡೆ ನಮ್ಮದು. ಅಪ್ಪ ಕಾಡಲ್ಲಿ ದರಗು (ಒಣ ಎಲೆ) ಗುಡಿಸಿ ಬಂದಿದ್ರು. ಎರಡು ದಿನದಿಂದ ಕಿವಿನೋವು. ಒಳಗೆ ಬೂದು ಕಾಳಿನಂಥದ್ದು ಕಾಣ್ತಿದೆ, ಅಲ್ಲಾಡಲ್ಲ. ಎಣ್ಣೆ ಬಿಡ್ಲಾ?

ಡಾಕ್ಟರ್: ಬೇಡ. ಅದು ಉಣುಗು (ರಕ್ತ ಹೀರುವ ಉಣ್ಣೆ) ಇರಬಹುದು. ಇರುವೆ, ಜಿರಳೆ ಎಣ್ಣೆಗೆ ಬೇಗ ಸಾಯುತ್ತವೆ; ಉಣುಗು ಗಂಟೆಗಟ್ಟಲೆ ತಡೆಯುತ್ತದೆ. ಬಾಯಿ ಚರ್ಮದೊಳಗೆ ಕಚ್ಚಿಕೊಂಡಿರುವುದರಿಂದ ಸತ್ತರೂ ಉದುರುವುದಿಲ್ಲ. ಚಿಮಟದಿಂದ ಎಳೆದರೆ ಹೊಟ್ಟೆ ಒಡೆದು ಬಾಯಿಯ ತುಂಡು ಅಲ್ಲೇ ಉಳಿಯುತ್ತದೆ. ತಮಟೆಗೇ ಕಚ್ಚಿದ್ದರಂತೂ ತಮಟೆಯೇ ಹರಿದೀತು. ನಾವು ಮರಗಟ್ಟುವ ಔಷಧಿ ಹಾಕಿ, ಮೈಕ್ರೋಸ್ಕೋಪಿನಡಿ ಬಾಯಿಯ ಬುಡವನ್ನೇ ಹಿಡಿದು ತೆಗೆಯುತ್ತೇವೆ. ಇವತ್ತೇ ಹೋಗಿ. ಮುಖದ ನರಕ್ಕೆ ತೊಂದರೆಯಾಗಿದೆಯಾ ತಿಳಿಯಲು, ಬಾಯಿ ಒಂದು ಕಡೆ ವಾಲಿದೆಯಾ, ಕಣ್ಣು ಪೂರ್ತಿ ಮುಚ್ಚುತ್ತದೆಯಾ ನೋಡಿ ತಿಳಿಸಿ. ತೆಗೆಸಿದರೆ ಮುಗಿಯಲಿಲ್ಲ. 1957ರಲ್ಲಿ ಕ್ಯಾಸನೂರಿನ ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಕಚ್ಚಿದ 3-8 ದಿನದಲ್ಲಿ ಜ್ವರ ಬರಬಹುದು. ಎರಡು ವಾರ ಗಮನಿಸಿ. ಜ್ವರ, ತಲೆನೋವು, ಮೈಕೈನೋವು ಶುರುವಾದರೆ "ಉಣುಗು ಕಚ್ಚಿತ್ತು" ಎಂದು ಹೇಳಿಯೇ ರಕ್ತ ಪರೀಕ್ಷೆ ಮಾಡಿಸಿ.

ಮೇಷ್ಟ್ರು: 🙏 ಫಾರ್ವರ್ಡ್: ಬೆಳ್ಳುಳ್ಳಿ ಜಜ್ಜಿ ಕಾಯಿಸಿದ ಎಣ್ಣೆ, ಇಲ್ಲವೇ ಎರಡು ಹನಿ ಸೀಮೆಎಣ್ಣೆ. ತಡಮಾಡಿದರೆ ಹುಳ ಮೆದುಳಿಗೆ ಹೋಗುತ್ತದೆ!

ಡಾಕ್ಟರ್: ಸೀಮೆಎಣ್ಣೆ ಚರ್ಮ ಸುಡುತ್ತದೆ. ತಮಟೆ ಅಡ್ಡ ಇದೆ, ಮೆದುಳಿಗೆ ದಾರಿಯಿಲ್ಲ. ಇದನ್ನು ಅಳಿಸಿ.

ಸಾಗರದವ: ಟಾರ್ಚ್ ಹಿಡಿದ್ರೆ ತಾನೇ ಬರುತ್ತೆ.

ಚಿನ್ನು ಅಮ್ಮ: ಜಿರಳೆ ಬೆಳಕು ಕಂಡ್ರೆ ಓಡುತ್ತಲ್ವಾ? ಇನ್ನೂ ಒಳಗೆ ಹೋಗುತ್ತೆ.

ಸಾಗರದವ: ದೀಪದ ಹುಳಕ್ಕೆ ಹೇಳಿದ್ದು ಮೇಡಂ.

ಮೇಷ್ಟ್ರು: ಹಿರಿಯರು ಮಾಡಿಕೊಂಡು ಬಂದದ್ದೆಲ್ಲ ಸುಳ್ಳಾ? ಇವರಿಗೆ ಫೀಸು ಬೇಕು, ಅಷ್ಟೇ.

ತೋಟದಮನೆ: ಮೇಷ್ಟ್ರೇ, ಸ್ವಲ್ಪ ಸುಮ್ನಿರಿ. ಸರ್, ಬಾಯಿ ಸರಿ ಇದೆ. ಹೊರಟ್ವಿ.

ಹೊಸ ಸದಸ್ಯ: ಹಿಯರಿಂಗ್ ಏಡ್ ಹಾಕೋರಿಗೂ ಎಣ್ಣೆ ಬಿಡಬಹುದಾ?

ಗಣಪಣ್ಣ: ಇರುವೆ ಹೋದ್ರೆ ನೀರು ಹಾಕ್ಬಹುದಾ ಡಾಕ್ಟ್ರೇ?

ಡಾಕ್ಟರ್: ಎಣ್ಣೆ. ಮೇಲೆ ಬರೆದಿದ್ದೇನೆ, ಓದಿ. ಮೇಷ್ಟ್ರೇ, ಫಾರ್ವರ್ಡ್ ಇನ್ನೂ ಅಲ್ಲೇ ಇದೆ.