ರಜೆಗೆ ಊರಿಗೆ ಕಳಿಸಿದರೆ ಮಕ್ಕಳು ಬಚಾವ್ ಅಂದುಕೊಂಡವರಿಗೆ

ಮೊನ್ನೆ ಆಸ್ಟ್ರೇಲಿಯಾದಲ್ಲಿರುವ ನಮ್ಮ ಕನ್ನಡದವರ ಈ ಗುಂಪಿನಲ್ಲೇ ಒಬ್ಬರು ಬರೆದಿದ್ದರು. ಮಗ ಸ್ಕೂಲು ಮುಗಿಸಿದ್ದಾನೆ, ಸಿಡ್ನಿಯ ಮ್ಯೂಸಿಕ್ ಫೆಸ್ಟಿವಲ್‌ಗೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾನೆ, ಅದಕ್ಕೇ ಸುಮ್ನೆ ಊರಿಗೆ ಕಳಿಸುತ್ತಿದ್ದೇವೆ, ಅಜ್ಜಿ ಮನೆಯಲ್ಲಿ ಅಮಲಿನ ಮಾತ್ರೆ ಗೀತ್ರೆ ಕಾಟ ಇರಲ್ಲ ಅಂತ. ತುಂಬಾ ಜನ ಸೈ ಅಂದಿದ್ದರು. ನಾನೂ ಹೆಬ್ಬೆರಳು ಒತ್ತಿದ್ದೆ. ಈಗ ರಜೆಗೆ ಬಂದು ಕೊಡಗಿನ ಸೋಮವಾರಪೇಟೆ ಹತ್ತಿರ ಅಣ್ಣನ ತೋಟದ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಆ ಹೆಬ್ಬೆರಳು ವಾಪಸ್ ತಗೊಂಡಿದ್ದೇನೆ.

ಅಣ್ಣ ಮೂರು ರೂಮಿನ ಹೋಂಸ್ಟೇ ಇಟ್ಟಿದ್ದಾನೆ. ಕಾಫಿ ರೇಟು ಬಿದ್ದಿದ್ದಾಗ ಶುರು ಮಾಡಿದ್ದು, ಏರಿದ ಮೇಲೂ ಬಿಡಲಿಲ್ಲ. ಡಿಸೆಂಬರ್ 31ಕ್ಕೆ ಬೆಂಗಳೂರಿಂದ ಎಂಟು ಹುಡುಗ ಹುಡುಗಿಯರು ಬಂದಿದ್ದರು. ಒಳ್ಳೆಯ ಮಕ್ಕಳೇ. ಅತ್ತಿಗೆ ಮಾಡಿದ ಕಡುಬು, ನಾಟಿ ಕೋಳಿ ಸಾರು ಹೊಗಳಿ ಹೊಗಳಿ ತಿಂದರು. ನನ್ನ ಮಗನೂ ಅವರ ಜೊತೆ ಬೆಂಕಿ ಮುಂದೆ ಕೂತ, ಅವನಿಗೆ 19.

ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಅಂಗಿ ಬಿಚ್ಚಿ ಕಣದ ತುಂಬಾ ಓಡಾಡತೊಡಗಿದ. ಕಾಫಿ ಹರವಿದ್ದರ ಮೇಲೆಯೇ. ಆ ಚಳಿಯಲ್ಲಿ ಮೈಯೆಲ್ಲ ಬೆವರು, ಹಲ್ಲು ಕಟಕಟ ಕಡಿಯುತ್ತಿದ್ದ. ಆಮೇಲೆ ಕುಸಿದು ಕೂತು ನಡುಗಲು ಶುರು. ಅಣ್ಣ ಪಾಪ, ಚಳಿ ಹಿಡಿದಿದೆ ಅಂತ ಎರಡು ಕಂಬಳಿ ತಂದು ಹೊದಿಸಿದ. ಒಬ್ಬ ಹುಡುಗಿ ಚೊಂಬುಗಟ್ಟಲೆ ನೀರು ಕುಡಿಸುತ್ತಿದ್ದಳು. ಮಲಗಲಿ, ಬೆಳಗ್ಗೆ ಸರಿ ಹೋಗ್ತಾನೆ ಅಂತ ಇನ್ನೊಬ್ಬ. ಏನು ತಗೊಂಡಿದ್ದಾನೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, 'ಏನಿಲ್ಲ ಆಂಟಿ, ಬಿಯರ್ ಅಷ್ಟೇ.'

ಹಣೆ ಮುಟ್ಟಿದರೆ ಕಾದ ಹಂಡೆ.

ಕೊನೆಗೆ ಬಾಯಿ ಬಿಟ್ಟವನು ನನ್ನ ಮಗ. ಅಡುಗೆಮನೆಗೆ ಕರೆದು, 'ಅಮ್ಮ, ಎರಡು ಮಾತ್ರೆ ತಗೊಂಡಿದ್ದಾನೆ. ಮೊದಲನೇದು ಏರಲಿಲ್ಲ ಅಂತ ಇನ್ನೊಂದು' ಅಂದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಮಂಜು, ತಿರುವು, ಆನೆ ಭಯ ಬೇರೆ, ಜೀಪಿನಲ್ಲಿ ಆಸ್ಪತ್ರೆ ಮುಟ್ಟಲು ಇನ್ನೊಂದು ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಕಂಬಳಿ ತೆಗೆದು ಒದ್ದೆ ಟವೆಲ್ ಒತ್ತುತ್ತಾ ಕೂತಿದ್ದೆ. ಡ್ಯೂಟಿಯಲ್ಲಿದ್ದ ಡಾಕ್ಟರ್ ಬೈಯಲಿಲ್ಲ. ಏನು, ಎಷ್ಟು, ಎಷ್ಟು ಹೊತ್ತಿಗೆ, ಈ ಮೂರೇ ಪ್ರಶ್ನೆ. ಹುಡುಗ ಉಳಿದ.

ಆಮೇಲೆ ಕೂತು ಓದಿದೆ. ನಮಗೆಲ್ಲ ಗೊತ್ತಿರಬೇಕಾದ್ದು, ಆದರೆ ಗೊತ್ತಿರಲಿಲ್ಲ, ಅಲ್ವಾ? ಎಕ್ಸ್‌ಟಸಿ, ಮಾಲಿ ಅಂತ ಕರೆಯುವ ಎಂಡಿಎಂಎ ಮೈಯ ಕಾವನ್ನೇ ಏರಿಸಿಬಿಡುತ್ತದೆ. ಜನ ತುಂಬಿದ ಜಾಗದಲ್ಲಿ ಗಂಟೆಗಟ್ಟಲೆ ಕುಣಿದರಂತೂ ಇನ್ನೂ ಜಾಸ್ತಿ. ನಡುಗುವುದು ಚಳಿಗೇ ಅಂತ ಅಂದುಕೊಳ್ಳಬಾರದು, ಕಂಬಳಿ ಹೊದಿಸಿದರೆ ಉರಿಯುವ ಒಲೆಗೆ ಸೌದೆ ಒಟ್ಟಿದ ಹಾಗೆ. ನೀರಿನದೂ ಅಷ್ಟೇ. ಈ ಮಾತ್ರೆ ತಗೊಂಡಾಗ ದೇಹ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಲೀಟರ್‌ಗಟ್ಟಲೆ ಕುಡಿಸಿದರೆ ರಕ್ತದ ಉಪ್ಪಿನಂಶ ಇಳಿದು ಮಿದುಳು ಬಾತುಕೊಳ್ಳಬಹುದು. ಪೂರ್ತಿ ಎಚ್ಚರ ಇದ್ದರೆ ಗುಟುಕು ಗುಟುಕಾಗಿ ಕೊಡಬೇಕು, ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಇನ್ನು ಆ ಎರಡನೇ ಮಾತ್ರೆ. ಎಂಡಿಎಂಎ ಅಂತ ಮಾರುವುದರಲ್ಲಿ ಕೆಲವು ಸಲ ಪಿಎಂಎ ಅನ್ನೋ ಬೇರೆಯೇ ಪದಾರ್ಥ ಇರುತ್ತದೆ. ಅದು ಏರುವುದು ನಿಧಾನ, ವಿಷ ಜಾಸ್ತಿ. ಏರಲಿಲ್ಲ ಅಂತ ಇನ್ನೊಂದು ನುಂಗಿದವರ ಕಥೆ ಮುಗಿಯುವುದು ಅಲ್ಲೇ.

ಜಿಎಚ್‌ಬಿ ಅನ್ನೋ ಅಮಲಿನ ದ್ರವ ಇನ್ನೊಂದು ತರಹ. ಬಣ್ಣ ಇಲ್ಲ, ಸ್ವಲ್ಪ ಉಪ್ಪುಪ್ಪು, ಹೆಂಡದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಬೇರೆಯವರ ಗ್ಲಾಸಿಗೆ ಬೆರೆಸುವವರೂ ಇದ್ದಾರೆ. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಗಂಡುಮಕ್ಕಳಿಗೂ ಹೇಳಿ. ಕೆಟಮಿನ್ ಅರಿವಳಿಕೆ ಔಷಧಿ. ಅದನ್ನೇ ಅಮಲಿಗೆ ಅಭ್ಯಾಸ ಮಾಡಿಕೊಂಡವರ ಮೂತ್ರಕೋಶ ಹಾಳಾಗಬಹುದು, ಇಪ್ಪತ್ತರ ಹುಡುಗರು ಗಂಟೆಗೆ ನಾಲ್ಕು ಸಲ ಬಾತ್‌ರೂಮಿಗೆ ಓಡುವ ಸ್ಥಿತಿ.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 2017ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಫೆಸ್ಟಿವಲ್‌ಗೆ ಹೋದ 6 ಮಕ್ಕಳು ಎಂಡಿಎಂಎಯಿಂದ ತೀರಿಕೊಂಡರು. 18ರಿಂದ 23ರ ವಯಸ್ಸು. ಅದರಲ್ಲಿ 19ರ ಒಂದು ಹುಡುಗಿ, ಗೇಟಿನಲ್ಲಿ ಪೊಲೀಸರು ಹಿಡಿದಾರು ಅಂತ ಹೆದರಿ ಒಳಗೆ ಹೋಗುವ ಮೊದಲೇ ಇದ್ದ ಮಾತ್ರೆಗಳನ್ನು ನುಂಗಿದ್ದಳು. ಇದನ್ನು ಓದಿದಾಗ ನನಗೆ ಅಣ್ಣನ ಕಣ ಕಣ್ಣಿಗೆ ಬಂತು. ಅಲ್ಲಿ ಪೊಲೀಸರ ಭಯ, ಇಲ್ಲಿ ಆಂಟಿಯ ಭಯ. ಮಾತ್ರೆಯಷ್ಟೇ ಅಪಾಯ ಆ ಮುಕ್ಕಾಲು ಗಂಟೆಯ ಸುಳ್ಳು.

ಕ್ಯಾನ್ಬೆರಾದವರಿಗೆ ಗೊತ್ತಿರಬಹುದು, 2022ರಿಂದ ಅಲ್ಲಿ ಕ್ಯಾನ್‌ಟೆಸ್ಟ್ ಅಂತ ಇದೆ. ಮಾತ್ರೆ ಕೊಟ್ಟರೆ ಅದರಲ್ಲಿ ಏನಿದೆ ಅಂತ ಪುಕ್ಕಟೆ ನೋಡಿ ಹೇಳುತ್ತಾರೆ. ಇದು ಸೇಫ್ ಅಂತ ಯಾವತ್ತೂ ಹೇಳಲ್ಲ. ಮೊದಲು ನನಗೂ ಸಿಟ್ಟು ಬಂದಿತ್ತು, ಸರ್ಕಾರವೇ ಕುಮ್ಮಕ್ಕು ಕೊಡುತ್ತಿದೆ ಅಂತ. ಈಗ ಇಲ್ಲ. ಅಲ್ಲಿ ಕನಿಷ್ಠ ಯಾರೋ ಒಬ್ಬ ದೊಡ್ಡವರು ಆ ಮಗುವಿನ ಜೊತೆ ಹತ್ತು ನಿಮಿಷ ನೆಟ್ಟಗೆ ಮಾತಾಡುತ್ತಾರೆ.

ನಮ್ಮ ಕೊಡಗಿನವರು ಕುಡಿತದ ವಿಷಯದಲ್ಲಿ ಮುಚ್ಚುಮರೆ ಮಾಡುವವರಲ್ಲ. ಮದುವೆ ಮನೆಯಲ್ಲಿ ಮಾವ, ಅಳಿಯ ಒಂದೇ ಟೇಬಲ್ಲಿಗೆ ಕೂರುತ್ತಾರೆ. ಜಾಸ್ತಿಯಾದರೆ ಯಾರಾದರೂ ಹಿರಿಯರು ಗ್ಲಾಸು ಕಿತ್ತಿಟ್ಟು ಊಟಕ್ಕೆ ಎಬ್ಬಿಸುತ್ತಾರೆ. ಅದನ್ನು ನಾನು ಹೊಗಳುತ್ತಿಲ್ಲ, ಅದರಿಂದ ಹಾಳಾದ ಮನೆಗಳೂ ಗೊತ್ತು. ಆದರೆ ಕಣ್ಣಿಗೆ ಕಾಣುತ್ತದೆ, ಅಳತೆ ಇದೆ. ಮಾತ್ರೆಗೆ ಅಳತೆಯೂ ಇಲ್ಲ, ಎಬ್ಬಿಸುವ ಮಾವನೂ ಇಲ್ಲ.

ಇನ್ನು ಕಾನೂನಿನ ಮಾತು. ಇಂಡಿಯಾದಲ್ಲಿ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ನಮ್ಮ ಮಕ್ಕಳ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ನೋಡಲ್ಲ. ಎಂಡಿಎಂಎ 10 ಗ್ರಾಂಗಿಂತ ಜಾಸ್ತಿ ಸಿಕ್ಕರೆ ಕನಿಷ್ಠ 10 ವರ್ಷ. ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕರ ಮೇಲೂ 25ನೇ ಸೆಕ್ಷನ್ ಬರುತ್ತದೆ, ಊರಲ್ಲಿ ಹೋಂಸ್ಟೇ ನಡೆಸುವ ಅಣ್ಣ ತಮ್ಮಂದಿರಿಗೆ ಇದನ್ನು ಹೇಳಿ. ಚಟ ಹತ್ತಿದವರು ತಾವಾಗಿ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ, ಸೇವಿಸಿದ್ದಕ್ಕೆ ಕೇಸಿನಿಂದ ರಕ್ಷಣೆ ಅದೇ ಕಾಯ್ದೆಯ 64ಎ ಸೆಕ್ಷನ್‌ನಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಮನಸ್ಸಿನ ಕಷ್ಟ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಚಟ ಬಿಡಿಸಲು 14446, ಎರಡೂ ಫ್ರೀ.

ಅಣ್ಣ ಈಗ ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾನೆ. 108, ಹತ್ತಿರದ ಆಸ್ಪತ್ರೆ ನಂಬರು, ಪಕ್ಕದ ತೋಟದ ಜೀಪ್ ಡ್ರೈವರ್ ನಂಬರು. ಕೆಳಗೆ ದಪ್ಪ ಅಕ್ಷರದಲ್ಲಿ, ಮೈ ಸುಡುತ್ತಿದ್ದರೆ ಕಂಬಳಿ ಬೇಡ, ಎಚ್ಚರ ತಪ್ಪುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರೇ ಬಿಡಬೇಡಿ. ಅತಿಥಿಗಳು ಓದಿ ಮುಜುಗರ ಪಡುತ್ತಾರೆ ಅಂತ ಅತ್ತಿಗೆಯ ತಕರಾರು.

ನನ್ನ ಮಗ ಮಾರ್ಚ್‌ನಲ್ಲಿ ಫೆಸ್ಟಿವಲ್‌ಗೆ ಹೋಗುತ್ತಾನೆ, ಟಿಕೆಟ್ ದುಡ್ಡು ನಾನೇ ಕೊಟ್ಟೆ. ಒಪ್ಪಂದ ಇಷ್ಟೇ. ಯಾರಿಗಾದರೂ ಏನಾದರೂ ಆದರೆ ಮೊದಲು ಆಸ್ಟ್ರೇಲಿಯಾದ ತುರ್ತು ನಂಬರು 000ಗೆ ಫೋನ್, ಆಮೇಲೆ ನನಗೆ, ಆ ರಾತ್ರಿ ನನ್ನಿಂದ ಒಂದೂ ಪ್ರಶ್ನೆ ಇಲ್ಲ. ಪ್ರಶ್ನೆಗಳೆಲ್ಲ ಮಾರನೇ ದಿನ ಊಟ ಆದ ಮೇಲೆ. ಲೊಕೇಶನ್ ಶೇರ್ ಮಾಡು ಅಂದದ್ದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ, ಜಗಳ ನಡೀತಾ ಇದೆ.