ಬ್ಯೂಟೇನ್ ದಹನದ ಸಮೀಕರಣ: ಆಕ್ಸಿಜನ್ ಬೆಸಸಂಖ್ಯೆಯಾದರೆ ಸರಿದೂಗಿಸುವುದು ಹೇಗೆ?

ಪ್ರಶ್ನೆ (ಹತ್ತನೆಯ ತರಗತಿಯ ವಿದ್ಯಾರ್ಥಿನಿ):
ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ಉರಿಯುವ ಕ್ರಿಯೆಗೆ ಸಮೀಕರಣ ಬರೆಯುತ್ತಿದ್ದೇನೆ. ಬ್ಯೂಟೇನ್ ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಪರಮಾಣುಗಳಿರುವುದರಿಂದ ಬಲಗಡೆ 4 ಕಾರ್ಬನ್ ಡೈಆಕ್ಸೈಡ್ ಮತ್ತು 5 ನೀರಿನ ಅಣುಗಳನ್ನು ಬರೆದೆ. ಈಗ ಬಲಗಡೆ ಆಕ್ಸಿಜನ್ ಪರಮಾಣುಗಳು ಒಟ್ಟು 13 ಆಗುತ್ತವೆ; ಎಡಗಡೆ ಅವು ಎರಡೆರಡಾಗಿಯೇ ಬರುವುದರಿಂದ 13 ಸಿಗುವುದೇ ಇಲ್ಲ. ಆಕ್ಸಿಜನ್ ಸಂಕೇತದ ಕೆಳಗಿರುವ 2 ಅನ್ನು 13 ಎಂದು ತಿದ್ದಿದರೆ ಲೆಕ್ಕ ಸರಿಹೋಗುತ್ತದಲ್ಲವೇ? ಅದು ಏಕೆ ತಪ್ಪು?

ಉತ್ತರ (ಪ್ರೌಢಶಾಲಾ ಶಿಕ್ಷಕರು):
ಲೆಕ್ಕವೇನೋ ಸರಿಹೋಗುತ್ತದೆ, ಆದರೆ ವಸ್ತುವೇ ಬದಲಾಗಿಬಿಡುತ್ತದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆಯನ್ನೇ ನೋಡಿ: ಬಲಗಡೆ ಇನ್ನೊಂದು ಆಕ್ಸಿಜನ್ ಬೇಕೆಂದು ನೀರಿನ ಸೂತ್ರದೊಳಗೇ 2 ಸೇರಿಸಿದರೆ ಎಣಿಕೆ ಸಮವಾಗುತ್ತದೆ, ಆದರೆ ಆಗ ನೀವು ಬರೆದಿರುವುದು ನೀರನ್ನಲ್ಲ, ಹೈಡ್ರೋಜನ್ ಪೆರಾಕ್ಸೈಡನ್ನು. ಸಂಕೇತದ ಕೆಳಗಿನ ಅಂಕಿ ವಸ್ತು ಯಾವುದೆಂದು ಹೇಳುತ್ತದೆ. ಸೂತ್ರದ ಮುಂದಿನ ಸಹಗುಣಕ ಅದು ಎಷ್ಟೆಂದು ಹೇಳುತ್ತದೆ. ಸರಿದೂಗಿಸುವಾಗ ನಾವು ಮುಟ್ಟಬಹುದಾದದ್ದು ಎರಡನೆಯದನ್ನು ಮಾತ್ರ.

ನಿಮ್ಮ ಕ್ರಮ ಸರಿಯಾಗಿಯೇ ಇದೆ. ಆಕ್ಸಿಜನ್ ಎಡಗಡೆ ಒಂಟಿಯಾಗಿರುವುದರಿಂದ ಅದನ್ನು ಕೊನೆಗೆ ಉಳಿಸಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಅದರ ಸಹಗುಣಕವನ್ನು ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ. ಸದ್ಯಕ್ಕೆ ಅಲ್ಲಿ ಆರೂವರೆ ಎಂದು ಬರೆದು, ಬಳಿಕ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ:

2 ಬ್ಯೂಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು

ರಾಶಿಯಿಂದಲೂ ತಾಳೆ ನೋಡಬಹುದು. ಇವನ್ನು ಮೋಲ್‌ಗಳೆಂದು (ಮೋಲ್ ಎಂದರೆ ಅಣುಗಳ ಒಂದು ನಿಗದಿತ ಬಹುದೊಡ್ಡ ಎಣಿಕೆ) ತೆಗೆದುಕೊಂಡರೆ ಎಡಗಡೆ 116 ಗ್ರಾಂ ಬ್ಯೂಟೇನ್ ಮತ್ತು 416 ಗ್ರಾಂ ಆಕ್ಸಿಜನ್, ಬಲಗಡೆ 352 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು 180 ಗ್ರಾಂ ನೀರು. ಎರಡೂ ಕಡೆ 532 ಗ್ರಾಂ.

ಉತ್ತರ (ಪಿಯು ಉಪನ್ಯಾಸಕರು):
ಪರೀಕ್ಷೆಯಲ್ಲಿ ಪೂರ್ಣಾಂಕಗಳನ್ನೇ ಬರೆಯಿರಿ. ಆದರೂ ಆರೂವರೆ ತಪ್ಪೆಂದು ಭಾವಿಸಬೇಡಿ. ಅರ್ಧ ಅಣು ಇರದಿದ್ದರೂ ಅರ್ಧ ಮೋಲ್ ಇರುತ್ತದೆ. ಮುಂದೆ ಒಂದು ಮೋಲ್ ದ್ರವರೂಪದ ನೀರು ಉಂಟಾಗುವಾಗ ಸುಮಾರು 286 ಕಿಲೋಜೂಲ್ ಶಾಖ ಬಿಡುಗಡೆಯಾಗುವುದನ್ನು ಓದುವಾಗ, ಆಕ್ಸಿಜನ್ ಮುಂದೆ ಅರ್ಧವೆಂದೇ ಬರೆದಿರುವುದನ್ನು ಕಾಣುವಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ನೈಟ್ರೇಟ್, ಸಲ್ಫೇಟ್‌ಗಳಿರುವ ಸಮೀಕರಣಗಳಲ್ಲಿ ಪ್ರತಿಯೊಂದು ಆಕ್ಸಿಜನ್ ಪರಮಾಣುವನ್ನೂ ಬಿಡಿಬಿಡಿಯಾಗಿ ಎಣಿಸಲೇಬೇಕೇ?

ಉತ್ತರ (ಪ್ರೌಢಶಾಲಾ ಶಿಕ್ಷಕರು):
ಆ ಗುಂಪು ಎರಡೂ ಕಡೆ ಒಡೆಯದೆ ಉಳಿದಿದ್ದರೆ ಬೇಕಿಲ್ಲ. ಅಲ್ಯುಮಿನಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ವರ್ತಿಸುವಾಗ ಮೂರು ಸಲ್ಫೇಟ್‌ಗಳೂ ಹಾಗೆಯೇ ಕ್ಯಾಲ್ಸಿಯಂ ಪಾಲಾಗುವುದರಿಂದ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮುಂದೆ 3 ಮತ್ತು ಬಲಗಡೆ ಕ್ಯಾಲ್ಸಿಯಂ ಸಲ್ಫೇಟ್ ಮುಂದೆ 3, ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮುಂದೆ 2 ಎಂದು ನೇರವಾಗಿ ಬರೆಯಬಹುದು. ಆದರೆ ಲೆಡ್ ನೈಟ್ರೇಟನ್ನು ಕಾಯಿಸಿದಾಗ ನೈಟ್ರೇಟ್ ಗುಂಪೇ ಒಡೆದು ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿ ಈ ಉಪಾಯ ನಡೆಯದು, ಬಿಡಿಯಾಗಿ ಎಣಿಸಲೇಬೇಕು: ಎರಡು ಲೆಡ್ ನೈಟ್ರೇಟ್‌ನಲ್ಲಿರುವ 12 ಆಕ್ಸಿಜನ್ ಪರಮಾಣುಗಳಲ್ಲಿ 2 ಲೆಡ್ ಆಕ್ಸೈಡ್‌ಗೆ, 8 ನಾಲ್ಕು ನೈಟ್ರೋಜನ್ ಡೈಆಕ್ಸೈಡ್‌ಗೆ, ಉಳಿದ 2 ಒಂದು ಆಕ್ಸಿಜನ್ ಅಣುವಿಗೆ ಸೇರುತ್ತವೆ.