ಸಹಾಯ ಬೇಕು: ಯಾವ ಏರ್‌ಪೋರ್ಟಲ್ಲಿ ಇಳಿಸೋದು, ಜೆಎಫ್‌ಕೆನಾ, ನೆವಾರ್ಕಾ, ಫಿಲಡೆಲ್ಫಿಯಾನಾ?

ಎಲ್ರಿಗೂ ನಮಸ್ಕಾರ, ಹಾಸನದಿಂದ. ಅಪ್ಪ ಅಮ್ಮ ಮೊದಲನೇ ಸಲ ಅಮೆರಿಕಕ್ಕೆ ಹೊರಟವ್ರೆ, ಅಕ್ಕ ಇರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಟಿಕೆಟ್ ಏಜೆಂಟ್ 'ನ್ಯೂಯಾರ್ಕ್ ಅಂದ್ರೆ ಎಲ್ಲಾ ಒಂದೇ ಸಾರ್' ಅಂತ ಜೆಎಫ್‌ಕೆ ಟಿಕೆಟ್ಟೇ ಮುಂದಿಡ್ತಾನೆ. ಒಂದೇ ಎಲ್ಲಿಂದ ಬಂತು ಸ್ವಾಮಿ, ಜೆಎಫ್‌ಕೆ ಇರೋದು ನ್ಯೂಯಾರ್ಕ್ ಊರಿನ ಆ ಕಡೆ ಕ್ವೀನ್ಸ್‌ನಲ್ಲಿ, ಅಲ್ಲಿಂದ ಎಡಿಸನ್‌ಗೆ ಬರ್ಬೇಕಂದ್ರೆ ಊರು, ಸೇತುವೆ, ಟೋಲು, ಟ್ರಾಫಿಕ್ಕು ಎಲ್ಲಾ ದಾಟ್ಬೇಕು, ನೆವಾರ್ಕ್ ಆದ್ರೆ ನ್ಯೂಜೆರ್ಸಿಯಲ್ಲೇ ಇದೆ, ಅಕ್ಕನ ಮನೆಗೂ ಹತ್ರ. ನ್ಯೂಯಾರ್ಕಿನ ಇನ್ನೊಂದು ಏರ್‌ಪೋರ್ಟ್ ಲಾಗಾರ್ಡಿಯಾ ಬಿಡಿ, ಅದು ಹೆಚ್ಚಾಗಿ ಅಲ್ಲಿನ ಒಳಗಿನ ಫ್ಲೈಟಿಗೆ.

ತೊಂದ್ರೆ ಏನಂದ್ರೆ ದುಬೈ ಮೇಲೆ ಹೋದ್ರೆ ಎಮಿರೇಟ್ಸ್‌ದು ಜೆಎಫ್‌ಕೆಗೆ ನೇರ ಇದೆ, ನೆವಾರ್ಕ್‌ದು ಅಥೆನ್ಸಲ್ಲಿ ನಿಂತು ಹೋಗುತ್ತೆ. ಅಪ್ಪಂಗೆ ಮಂಡಿ ನೋವು, ವೀಲ್‌ಚೇರ್ ಹಾಕ್ಸಲೇಬೇಕು, ಅಥೆನ್ಸಲ್ಲಿ ಕೈಚೀಲ ಎಲ್ಲಾ ಹಿಡ್ಕಂಡು ಇಳಿಸಿ ಮತ್ತೆ ಹತ್ತಿಸ್ತಾರಾ? ಭಾವ ನೋಡಿದ್ರೆ ದೋಹಾದಿಂದ ಕತಾರ್ ಫ್ಲೈಟಲ್ಲಿ ಫಿಲಡೆಲ್ಫಿಯಾಗೆ ಬರ್ಲಿ, ಅದು ಜೆಎಫ್‌ಕೆಗಿಂತ ಚಿಕ್ಕದು, ನಾನೇ ಕಾರಲ್ಲಿ ಬಂದು ಕರ್ಕೊಂಡು ಹೋಗ್ತೀನಿ ಅಂತಾರೆ. ಇಮಿಗ್ರೇಶನ್ ಕ್ಯೂ ಅಲ್ಲಿ ನಿಜವಾಗ್ಲೂ ಕಮ್ಮಿನಾ? ಅಮ್ಮಂಗೆ ಇಂಗ್ಲಿಷ್ ಬರಲ್ಲ, ಆದ್ರೆ ಅವ್ರ ಚಿಂತೆಯೆಲ್ಲಾ ಚಟ್ನಿಪುಡಿ ಡಬ್ಬಿ ಕಸ್ಟಮ್ಸ್‌ನಲ್ಲಿ ತೆಗೆಸ್ತಾರಾ ಅನ್ನೋದೇ.

ರೇಟು ಸ್ವಲ್ಪ ಜಾಸ್ತಿ ಆದ್ರೂ ನನ್ನ ಓಟು ನೆವಾರ್ಕ್‌ಗೇ. ವಯಸ್ಸಾದ ಅಪ್ಪ ಅಮ್ಮನ್ನ ಆ ಕಡೆಗೆ ಕರೆಸ್ಕೊಂಡಿರೋರು ಯಾರಾದ್ರೂ ಇದ್ರೆ ಎಲ್ಲಿ ಇಳಿಸಿದ್ರಿ, ವೀಲ್‌ಚೇರ್‌ನೋರು ಹೊರಗಡೆ ತನಕ ಬಂದ್ರಾ ಅಂತ ಹೇಳಿ ಪ್ಲೀಸ್, ಏಜೆಂಟ್ ನಾಳೆನೇ ದುಡ್ಡು ಕಟ್ಟಿ ಅಂತಾವ್ನೆ.